ಹಳದಮ್ಮನ ಮಕ್ಕಳು, ಪರದೆಯಣ್ಣನ ಚಿಗಟಗಳು

ಪರದೆಯಣ್ಣನಿಗೆ ಅಳತೆಪಟ್ಟಿ ಎಂದರೆ ಅವಮಾನ. ಕಿಟಕಿಯ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ತಲೆಯನ್ನು ಕೊಂಚ ವಾಲಿಸಿ, ಇಂತಿಷ್ಟು ಬಟ್ಟೆ ಎಂದುಬಿಟ್ಟರೆ ಮುಗಿಯಿತು. ಹೆಚ್ಚಾದರೆ, "ನೆರಿಗೆ ಬಿದ್ದಷ್ಟೂ ಮನೆಗೆ ಘನತೆ" ಎನ್ನುತ್ತಿದ್ದ. ಕಮ್ಮಿಯಾದರೆ, "ಈಗೆಲ್ಲ ಹೀಗೇ ಮೇಲಕ್ಕೆ ಇರೋದು, ನೆಲ ಗುಡಿಸೋಕೆ ಸುಲಭ" ಎನ್ನುತ್ತಿದ್ದ. ಪರದೆ ಅಂಗಡಿ ತೆರೆದಂದಿನಿಂದ ಅವನ ಕಣ್ಣಳತೆ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದ್ದೆಲ್ಲ ಕಿಟಕಿಗಳೇ.

ಐವತ್ತು ದಾಟಿದ ಮೇಲೆ ಆ ಕಣ್ಣಿಗೆ ಕನ್ನಡಕ ಬೇಕೆಂದು ವೈದ್ಯರು ಬರೆದುಕೊಟ್ಟರು. ಕನ್ನಡಕ ಬಂತು, ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿ ಮಲಗಿತು. "ಕಣ್ಣಳತೆ ಮಾಡೋನು ಕನ್ನಡಕ ಹಾಕ್ಕೊಂಡ್ರೆ ಬೋಳುತಲೆಯವನು ಕೂದಲೆಣ್ಣೆ ಮಾರಿದ ಹಾಗೆ" ಎಂದು ಅವನೇ ಹೇಳಿಕೊಂಡು ಅವನೇ ನಗುತ್ತಿದ್ದ. ತನ್ನನ್ನು ನೋಡಿ ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದು ಅವನ ವ್ಯಾಪಾರದ ಗುಟ್ಟು. ನಗುವ ಅಂಗಡಿಯವನ ಹತ್ತಿರ ಚೌಕಾಸಿ ಮಾಡಲು ಜನಕ್ಕೆ ಸಂಕೋಚ.

ಕೆಳಗೆ ಅಂಗಡಿ, ಮೇಲೆ ಮನೆ. ಮನೆಯ ಹಿಂಬದಿಯ ಕೋಣೆ ಅಕ್ಕನದು. ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತಳಾದವಳು. ಹಗಲೆಲ್ಲ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದು ಸಂಜೆ ಮನೆಗೆ ಬಂದರೆ ಅಲ್ಲಿ ತಮ್ಮನಿರುತ್ತಿದ್ದ, ಕೆಲಸ ಮುಂದುವರಿಯುತ್ತಿತ್ತು. ಮದುವೆ ಆಗಿರಲಿಲ್ಲ. ಯಾರಾದರೂ ಕೇಳಿದರೆ, "ತಪ್ಪಿಲ್ಲದ ಪ್ರತಿ ಬರ್ಲಿಲ್ಲ, ಅಚ್ಚಿಗೆ ಕೊಡ್ಲಿಲ್ಲ" ಎನ್ನುತ್ತಿದ್ದಳು.

ಅಕ್ಕನ ಕೋಣೆಯ ಗೋಡೆಗೆ ಒತ್ತಿ ಒಂದು ಗಾಜಿನ ತೊಟ್ಟಿ. ನೀರಿಗೆ ತೆಳು ಚಹಾದ ಬಣ್ಣ. ಒಣಗಿದ ಬಾದಾಮಿ ಎಲೆ ನೆನೆಹಾಕಿ ಅವಳೇ ಬೇಕೆಂದು ಬರಿಸಿದ ಬಣ್ಣ. ತಳದಲ್ಲಿ ಮರಳು, ಒಂದು ಬೇರಿನ ತುಂಡು, ಪಾಚಿಯ ಪೊದೆ, ಮಗುಚಿಟ್ಟ ಒಂದು ಪುಟ್ಟ ಹೂಕುಂಡ. ಅದರ ಅಂಚು ಮುರಿದು ಹೆಬ್ಬೆರಳು ಹೋಗುವಷ್ಟು ಬಾಗಿಲು ಮಾಡಿದ್ದಳು. ಅಲ್ಲಿ ವಾಸವಿದ್ದುದು ಕುಳ್ಳ ಸಿಕ್ಲಿಡ್ ಜಾತಿಯ ಮೀನಿನ ಒಂದು ಜೋಡಿ. ಗಂಡು ನೀಲಿ ಮೈಯ, ಉದ್ದ ರೆಕ್ಕೆಯ, ಮದುವೆಮನೆಯಲ್ಲಿ ಸುಮ್ಮನೆ ಅತ್ತಿಂದಿತ್ತ ಓಡಾಡುವ ನೆಂಟನಂಥದು. ಹೆಣ್ಣು ಅದರ ಅರ್ಧದಷ್ಟಿಲ್ಲ. ಬೂದು ಮೈ, ಲೆಕ್ಕಕ್ಕೇ ಬರದ ಮೀನು. ಮೊಟ್ಟೆಯಿಟ್ಟ ದಿನದಿಂದ ಮಾತ್ರ ನಿಂಬೆಹಣ್ಣಿನಂತೆ ಹಳದಿಯಾಗಿ, ಮುಖದ ಮೇಲೆ ಕಪ್ಪು ಗೆರೆ ಎಳೆದುಕೊಂಡು, ಹೂಕುಂಡದ ಬಾಗಿಲಲ್ಲಿ ಕಾವಲು ನಿಂತಿತ್ತು. ಗಂಡಿಗೆ ದೊರೆ, ಹೆಣ್ಣಿಗೆ ಹಳದಮ್ಮ ಎಂದು ಹೆಸರಿಟ್ಟದ್ದು ಪರದೆಯಣ್ಣ. ಹೆಸರಿಡುವುದೊಂದು ಬಿಟ್ಟು ಆ ತೊಟ್ಟಿಗೆ ಅವನು ಅಲ್ಲಿಯವರೆಗೆ ಬೇರೇನೂ ಮಾಡಿರಲಿಲ್ಲ.

ಅಕ್ಕ ವರ್ಷಗಳಿಂದ ಕಾದದ್ದು ಈ ಮರಿಗಳಿಗಾಗಿ. ಹಿಂದಿನ ಜೋಡಿಗಳಲ್ಲಿ ಒಂದರ ಮೊಟ್ಟೆಗೆ ಬೂಸಲು ಹಿಡಿಯಿತು. ಇನ್ನೊಂದರದನ್ನು ತಾಯಿಯೇ ನುಂಗಿತು. ಮತ್ತೊಂದಕ್ಕೆ ಏನಾಯಿತೆಂದೇ ತಿಳಿಯಲಿಲ್ಲ. ಈ ಸಲ ಮೊಟ್ಟೆ ಒಡೆದು, ಮರಿಗಳು ಹೂಕುಂಡದಿಂದ ಹೊರಬಿದ್ದು ಈಜಿದವು. ಅದೇ ವಾರ ಅಕ್ಕನ ಸವೆದ ಮಂಡಿಗೆ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು.

"ಮುಂದಕ್ಕೆ ಹಾಕಿಸ್ಲಾ ಅಕ್ಕ?"

"ಮೀನಿಗೋಸ್ಕರ ಮಂಡಿ ಮುಂದಕ್ಕೆ ಹಾಕಿದ್ಲು ಅಂತ ಬೀದಿಯೆಲ್ಲ ಸಾರಿಕೊಂಡು ಬರ್ತೀಯ. ಬೇಡ." ಅಕ್ಕ ಚೀಲದ ಬಾಯಿ ಎಳೆದು ಕಟ್ಟಿದಳು. "ಇಲ್ಲಿ ನೋಡು. ಇಷ್ಟು ವರ್ಷದಲ್ಲಿ ಇಲ್ಲೀತನಕ ಬಂದಿದ್ದು ಇದೇ ಮೊದಲು. ಇನ್ನೊಂದು ಸಲ ಬಕೆಟ್ ಹೊತ್ತು, ಬಗ್ಗಿ ಎದ್ದು ಮಾಡೋಕೆ ಈ ಕಾಲು ಬಿಡುತ್ತೋ ಇಲ್ವೋ. ನಾನು ವಾಪಸ್ ಬರೋ ಹೊತ್ತಿಗೆ ಇವು ಇರ್ಬೇಕು."

"ಇರ್ತವೆ. ನಾನಿದೀನಲ್ಲ."

"ಅದಕ್ಕೇ ಹೇಳ್ತಿರೋದು."

ತಲೆಕೆಳಗು ಮಾಡಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಉಪ್ಪುನೀರು, ಅದರಲ್ಲಿ ಗುಳುಗುಳು ಗಾಳಿ, ಅದಕ್ಕೊಂದು ಚಿಟಿಕೆ ಕಂದು ಪುಡಿ. ಪುಡಿಯೆಂದರೆ ಪುಡಿಯಲ್ಲ, ಸೀಗಡಿಯ ಮೊಟ್ಟೆ. ಮರುದಿನಕ್ಕೆ ಅದು ಕಿತ್ತಳೆ ಬಣ್ಣದ ಜೀವಂತ ಧೂಳಾಗುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ, ಒಳ್ಳೆ ನೀರಿನಲ್ಲಿ ತೊಳೆದು, ಹನಿಕೊಳವೆಯಿಂದ ತಾಯಿಯ ಮುಂದೆ ಮೆಲ್ಲಗೆ ಬಿಡಬೇಕು. ಮರಿಗಳ ಬಾಯಿಗೆ ಹಿಡಿಸುವ ಊಟ ಅದೊಂದೇ. ಅಕ್ಕ ಎಲ್ಲವನ್ನೂ ಮಾಡಿ ತೋರಿಸಿದಳು. "ಗಾಜು ತಟ್ಟಬೇಡ. ಜನ ಸೇರಿಸಬೇಡ. ಹೆದರಿಕೆ ಜಾಸ್ತಿಯಾದ್ರೆ ತಾಯಿ ಮಕ್ಕಳನ್ನ ತಾನೇ ನುಂಗ್ತಾಳೆ. ಇಲ್ಲಿ ನಿನ್ನ ಅಂಗಡಿ ಬೇಡ."

ಪರದೆಯಣ್ಣ ತಲೆಯಾಡಿಸಿದ. ಪರದೆಯನ್ನು ತಣ್ಣೀರಿನಲ್ಲೇ ಒಗೆಯಿರಿ ಎಂದಾಗ ಗಿರಾಕಿಗಳು ತಲೆಯಾಡಿಸುತ್ತಾರಲ್ಲ, ಹಾಗೆ.

"ಕಾಣಿಸ್ತಾ ಮರಿ?" ಎಂದಳು ಅಕ್ಕ ಕೊನೆಗೆ.

ಅಕ್ಕನಿಗೆ ಕಾಣುತ್ತಿದ್ದುದು ಎರಡೆರಡು ಕಪ್ಪು ಕಣ್ಣು, ಅದರ ಹಿಂದೆ ಉದುರಿದ ಹುಬ್ಬಿನ ಕೂದಲಿನಷ್ಟು ಗಾಜಿನ ಮೈ. ತಮ್ಮನಿಗೆ ಕಂಡದ್ದು ಹಳದಮ್ಮನ ಹೊಟ್ಟೆಯ ಕೆಳಗೆ ಒಂದು ಹೊಗೆ. "ಆಹಾ, ಎಷ್ಟು ಮುದ್ದು" ಎಂದ.

ಅಕ್ಕ ಆಸ್ಪತ್ರೆಗೆ ಹೋದ ಮರುದಿನವೇ ತೊಟ್ಟಿಯೊಳಗೆ ಸಂಸಾರದ ಜಗಳ ಶುರುವಾಯಿತು. ಹಳದಮ್ಮ ದೊರೆಯನ್ನು ಮೂಲೆಗೆ ಅಟ್ಟಿ ಅಟ್ಟಿ ಕಚ್ಚುತ್ತಿದ್ದಳು. ಅಷ್ಟು ದೊಡ್ಡ ಮೈಯವನು ಬೇರಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ. ಪರದೆಯಣ್ಣನ ಕರುಳು ಚುರ್ ಎಂದಿತು.

"ನೋಡಿದ್ಯಾ," ಎಂದು ಹೆಂಡತಿಯನ್ನು ಕರೆದ. "ಮನೆ ಯಜಮಾನನ ಗತಿ."

"ಯಜಮಾನ ಏನು ಕೆಲಸ ಮಾಡ್ತಿದ್ದಾನೆ ಅಲ್ಲಿ?"

"ಏನಿಲ್ಲ ಪಾಪ, ಸುಮ್ಮನೆ ಇದ್ದಾನೆ."

"ಅದಕ್ಕೇ," ಎಂದು ಹೆಂಡತಿ ಒಲೆಯ ಕಡೆಗೆ ಹೋದಳು.

ಫೋನಿನಲ್ಲಿ ಅಕ್ಕನೂ ಹಳದಮ್ಮನ ಕಡೆಯೇ. ಮಕ್ಕಳ ಹತ್ತಿರ ಅಪ್ಪ ಸುಳಿಯುವುದು ಅವಳಿಗೆ ಇಷ್ಟವಿಲ್ಲ, ನಡುವೆ ಅಡ್ಡ ಹಾಕು ಎಂದಳು. ಅಡ್ಡ ಹಾಕುವುದೆಂದರೆ ಪರದೆಯಣ್ಣನಿಗೆ ಹುಟ್ಟುಗುಣ. ಅಂಗಡಿಯ ಅತಿ ನಯವಾದ ಬಿಳಿ ಜಾಲರಿ ಬಟ್ಟೆಯನ್ನು ಪ್ಲಾಸ್ಟಿಕ್ ಚೌಕಟ್ಟಿಗೆ ಹೊಲಿಸಿ ತೊಟ್ಟಿಯ ನಡುವೆ ಇಳಿಸಿದ. ಹನಿಮೂನ್ ಕೋಣೆಗೆ ಮಾರುವ ಬಟ್ಟೆ ಅದು. ಅದರಿಂದ ಗಂಡಹೆಂಡಿರನ್ನು ಬೇರೆ ಮಾಡಿದ್ದು ಇದೇ ಮೊದಲೆಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ.

ಆಮೇಲೆ ತೊಟ್ಟಿಯ ಮುಂದೆಯೂ ಒಂದು ಪರದೆ ಬಂತು. ಗಾಢ ನೀಲಿ, ದಪ್ಪನೆಯದು, ಸರಳಿನ ಮೇಲೆ ಬೆಣ್ಣೆಯಂತೆ ಸರಿಯುವಂಥದು. ಮನೆಯವರ ಓಡಾಟ ಹಳದಮ್ಮನ ಕಣ್ಣಿಗೆ ಬೀಳದಿರಲೆಂದು ಹಾಕಿದ್ದು, ಇದು ಸತ್ಯ. ಒಮ್ಮೆ ಸರಿಸಿ ಮುಚ್ಚಿ ನೋಡಿದಾಗ ಒಂದು ಸೋಜಿಗ ಕಂಡದ್ದೂ ಸತ್ಯ. ಕತ್ತಲಾದ ತಕ್ಷಣ ಹಳದಮ್ಮ ಮೈ ಅದುರಿಸಿ ಮರಿಗಳನ್ನೆಲ್ಲ ಕರೆದು ಹೂಕುಂಡದೊಳಗೆ ಸೇರಿಸುತ್ತಿದ್ದಳು. ಬೆಳಕಾದರೆ ಬಾಗಿಲಲ್ಲಿ ಇಣುಕಿ, ಹೊಗೆಯನ್ನು ಬೆನ್ನ ಹಿಂದೆ ಹಚ್ಚಿಕೊಂಡು ಮರಳಿಗೆ ಇಳಿಯುತ್ತಿದ್ದಳು. ಪರದೆಯಿಂದ ಏನೇನು ಮರೆಮಾಡಬಹುದೆಂದು ಜೀವಮಾನವಿಡೀ ಮಾರಿದವನಿಗೆ, ಪರದೆಯಿಂದ ಏನನ್ನು ತೋರಿಸಬಹುದೆಂದು ಅಂದು ಹೊಳೆಯಿತು. ಹೊಳೆಯಬಾರದಿತ್ತು.

ಮೊದಲು ಒಬ್ಬ ಗಿರಾಕಿಗೆ ತೋರಿಸಿದ. ಆತ ಬಣ್ಣ ಆರಿಸಲಾರದೆ ಬೇಸತ್ತು ಎದ್ದು ಹೊರಟಿದ್ದವನು. ಮೇಲೆ ಕರೆದೊಯ್ದು ಪರದೆ ಎಳೆದ: "ನೋಡಿ, ಮಾಯ." ಮತ್ತೆ ಸರಿಸಿದ: "ನೋಡಿ, ಬಂದ್ರು." ಆ ಮನುಷ್ಯ ಅದೇ ಗಾಢ ನೀಲಿ ಬಟ್ಟೆ ಮನೆ ಪೂರ್ತಿಗೆ ಕೊಂಡ. ಅಲ್ಲಿಂದ ಅಂಗಡಿಯ ಮೆಟ್ಟಿಲು ಬಿಡುವು ಕಾಣಲಿಲ್ಲ. ಅಂಗಡಿಗೆ ಹೊಲಿದುಕೊಡುವ ದರ್ಜಿಯ ಸಂಸಾರ ನೋಡಿತು, ಎದುರು ಸಾಲಿನ ಔಷಧಿ ಅಂಗಡಿಯವರು ನೋಡಿದರು, ಔಷಧಿ ಕೊಳ್ಳಲು ಬಂದವರೂ ನೋಡಿದರು. ಕೇಳಿದವರಿಗೆ ಪರದೆಯಣ್ಣ ಮರಿಗಳ ಲೆಕ್ಕವನ್ನೂ ಹೇಳುತ್ತಿದ್ದ. ಬೆಳಿಗ್ಗೆ ನೂರಿದ್ದ ಮರಿ ಸಂಜೆಗೆ ಇನ್ನೂರಾಗುತ್ತಿತ್ತು. ಹೊಸದಾಗಿ ಮೂರು ಅಂತಸ್ತಿನ ಲಾಡ್ಜ್ ಕಟ್ಟಿಸುತ್ತಿದ್ದ ಮೇಡಂ ಒಬ್ಬರಿದ್ದರು. ಆ ಕಟ್ಟಡಕ್ಕೆ ಗೋಡೆಗಿಂತ ಕಿಟಕಿಯೇ ಹೆಚ್ಚು. ಅವರಿಗಂತೂ ಫೋನು ಮಾಡಿ, "ಮೊಮ್ಮಕ್ಕಳನ್ನ ಕರ್ಕೊಂಡು ಬನ್ನಿ ಮೇಡಂ, ನಿಮಗೇ ಅಂತ ವಿಶೇಷ ಪ್ರದರ್ಶನ" ಎಂದು ಆಹ್ವಾನ ಕೊಟ್ಟಿದ್ದ.

"ಅತ್ತಿಗೆ ಏನು ಹೇಳಿ ಹೋಗಿದ್ರು?" ಎಂದಳು ಹೆಂಡತಿ.

"ಗಾಜು ತಟ್ಟಬೇಡ ಅಂದ್ಲು. ಯಾರೂ ತಟ್ಟಲ್ವಲ್ಲ."

"ಜನ ಸೇರಿಸಬೇಡ ಅಂದ್ರು."

"ಸೇರಿಸ್ತಿಲ್ವಲ್ಲ. ಸಾಲಾಗಿ ಒಬ್ಬೊಬ್ಬರನ್ನೇ ಬಿಡ್ತಿದೀನಿ."

ದಿನವೂ ಮಧ್ಯಾಹ್ನ ಆಸ್ಪತ್ರೆಯಿಂದ ಅಕ್ಕನ ಫೋನು. "ಹೇಗಿವೆ?" ಎಂಬುದೊಂದೇ ಪ್ರಶ್ನೆ. "ತೊಟ್ಟಿ ಸಾಲಲ್ಲ ಅಕ್ಕ, ಅಷ್ಟಿವೆ" ಎನ್ನುತ್ತಿದ್ದ. ಅಕ್ಕ "ಸರಿ" ಎನ್ನುತ್ತಿದ್ದಳು. ಆ "ಸರಿ"ಯಲ್ಲಿ ಸಣ್ಣದೊಂದು ಖುಷಿ ಇರುತ್ತಿತ್ತು. ಅಕ್ಕನ ಬಾಯಿಂದ ತನಗೆ ಸರಿ ಎಂಬ ಮಾತು ಹಿಂದೆ ಎಂದು ಬಂದಿತ್ತೆಂದು ಅವನಿಗೆ ನೆನಪಾಗಲಿಲ್ಲ. ಅದಕ್ಕಾಗಿಯಾದರೂ ಮರಿಗಳು ಚೆನ್ನಾಗಿರಬೇಕು ಎಂದುಕೊಂಡು ಮತ್ತೊಮ್ಮೆ ಪರದೆ ಎಳೆಯುತ್ತಿದ್ದ.

ಭಾನುವಾರ ಬೆಳಗಿನಿಂದ ಸಂಜೆಯ ತನಕ ಪ್ರದರ್ಶನ ನಡೆಯಿತು. ಸೋಮವಾರ ಬೆಳಿಗ್ಗೆ ಹನಿಕೊಳವೆ ಹಿಡಿದು ಪರದೆ ಸರಿಸಿದರೆ ಹೊಗೆಯಿಲ್ಲ. ಹಳದಮ್ಮ ಒಬ್ಬಳೇ ಮರಳಿನ ಮೇಲೆ ಅತ್ತಿಂದಿತ್ತ ಸುತ್ತುತ್ತಿದ್ದಳು, ಮೈಯ ಹಳದಿ ಮಾಸಿತ್ತು. ಪರದೆ ಮುಚ್ಚಿ ತೆಗೆದ. ಮಾಯವೇನೋ ಆದರು, ಬರಲಿಲ್ಲ.

ಸಾಕುಮೀನಿನ ಅಂಗಡಿಯವನು ಕಥೆಯೆಲ್ಲ ಕೇಳಿ, ತನ್ನ ತೊಟ್ಟಿಗಳ ಕಡೆಗೆ ಮುಖ ತಿರುಗಿಸಿಕೊಂಡೇ ಹೇಳಿದ: "ನಿಮ್ಮ ಮಕ್ಕಳು ಸಣ್ಣವರಿದ್ದಾಗ, ಹೊತ್ತು ಹೊತ್ತಿಗೂ ಯಾರೋ ಬಂದು ದೀಪ ಆರಿಸಿ ಹಚ್ಚಿ ಮಾಡಿದ್ರೆ ನೀವೇನು ಮಾಡ್ತಿದ್ರಿ?"

"ಮಕ್ಕಳನ್ನ ನುಂಗ್ತಿರಲಿಲ್ಲ."

"ಆಸೆ ಬಂದಿರ್ತಿತ್ತು." ಆತ ಒಂದು ಚೀಲದಲ್ಲಿ ನೀರುಚಿಗಟ ತುಂಬಿಕೊಟ್ಟ. ಕೊಳದ ನೀರಿನಲ್ಲಿ ಹುಟ್ಟಿ ಕುಪ್ಪಳಿಸುವ, ಸಾಸಿವೆಗಿಂತಲೂ ಸಣ್ಣ ಹುಳುಗಳು. "ಸೊರಗಿರ್ತಾಳೆ. ಇದನ್ನ ಹಾಕಿ. ಜೀವ ಇರೋ ಊಟ ಬಿದ್ರೆ ಚೇತರಿಸ್ಕೋತಾಳೆ."

ಪರದೆಯಣ್ಣ ಚೀಲವನ್ನು ತಂದು ತೊಟ್ಟಿಗೆ ಸುರಿದ. ಅಂದು ಮಧ್ಯಾಹ್ನ ಫೋನು ಬಂದಾಗ, "ಲೈನ್ ಸರಿಯಿಲ್ಲ ಅಕ್ಕ, ಕೇಳಿಸ್ತಿಲ್ಲ" ಎಂದು ತನ್ನ ಬಾಯಿಂದಲೇ ಗರಗರ ಸದ್ದು ಮಾಡಿ ಇಟ್ಟುಬಿಟ್ಟ. ಮಾಡಿದ ಮೇಲೆ ನಾಚಿಕೆಯಾಯಿತು. ಕೆಟ್ಟ ಬಟ್ಟೆ ಕೊಟ್ಟಾಗಲೂ ಗಿರಾಕಿಯ ಮುಖ ನೋಡಿ ಮಾತಾಡಿದವನು ಅವನು.

ಮರುದಿನ ಅಂಜುತ್ತಲೇ ಪರದೆ ಸರಿಸಿದ. ಹಳದಮ್ಮ ನಿಂಬೆಹಣ್ಣಾಗಿದ್ದಳು. ಅವಳ ಸುತ್ತ ಹೊಗೆ. ಹೊಗೆಯ ಅಂಚಿಗೆ ಸುತ್ತು ಹಾಕುತ್ತಾ, ದೂರ ಸರಿದವನ್ನು ಬಾಯಲ್ಲಿ ಹಿಡಿದು ತಂದು ಗುಂಪಿಗೆ ಉಗುಳುತ್ತಾ, ಮೈ ಅದುರಿಸುತ್ತಾ ಭಾರೀ ಕಾವಲು. ಪರದೆಯಣ್ಣ ನೆಲಕ್ಕೆ ಕುಸಿದು ಕೂತ. ಮಧ್ಯಾಹ್ನದ ತನಕ ಕಾಯುವಷ್ಟು ತಾಳ್ಮೆಯೂ ಉಳಿಯದೆ ತಾನೇ ಆಸ್ಪತ್ರೆಗೆ ಫೋನು ಮಾಡಿದ.

"ಅಕ್ಕ, ಇವೆ. ಎಲ್ಲ ಇವೆ."

"ಇರದೇ ಎಲ್ಲಿ ಹೋಗಿದ್ವು?"

"ಎಲ್ಲೂ ಇಲ್ಲ. ಸುಮ್ನೆ ಹೇಳಿದೆ. ಮೊದಲಿಗಿಂತ ಚುರುಕಾಗಿವೆ. ಕುಣೀತವೆ."

"ಕುಣೀತವೆ ಅಂದ್ರೆ?"

"ಹಿಂಗೆ, ನಿಂತಲ್ಲೇ ಮೇಲೆ ಕೆಳಗೆ. ಕುಪ್ಪಳಿಸ್ತವೆ."

ಆ ಕಡೆ ಯಾರದೋ ತಟ್ಟೆಯ ಸದ್ದು ಕೇಳಿಸಿತು.

"ತಮ್ಮ," ಎಂದಳು ಅಕ್ಕ. ಹಾಗೆ ಕರೆದರೆ ಮುಂದೆ ಒಳ್ಳೆಯದಿರುವುದಿಲ್ಲ. "ನಿನ್ನೆ ತೊಟ್ಟಿಗೆ ಏನು ಹಾಕಿದೆ?"

"ಹಳದಮ್ಮ ಸೊರಗಿದ್ಲು ಅಂತ ಒಂಚೂರು ನೀರುಚಿಗಟ..." ಎನ್ನುತ್ತಿದ್ದಂತೆಯೇ ಅವನ ದನಿ ಅರ್ಧದಲ್ಲಿ ನಿಂತಿತು.

"ಮಕ್ಕಳು ಕಳೆದುಹೋದ್ರೆ ಕೆಲವು ತಾಯಂದಿರು ಹಂಗೆ ಮಾಡ್ತವೆ," ಎಂದಳು ಅಕ್ಕ ನಿಧಾನವಾಗಿ. "ಕಣ್ಣೆದುರು ಏನು ಓಡಾಡುತ್ತೋ ಅದನ್ನೇ ಮಕ್ಕಳು ಅನ್ಕೊಂಡು ಸಾಕ್ತವೆ. ಅವಳದು ಸರಿ, ಮೀನು. ನಿನಗೇನಾಗಿತ್ತು?"

ಅವನು ಬಾಯಿಬಿಟ್ಟ. ಪರದೆ, ಗಿರಾಕಿ, ದರ್ಜಿಯ ಸಂಸಾರ, ಔಷಧಿ ಅಂಗಡಿ, ಭಾನುವಾರ, ಲೈನಿನ ಗರಗರ, ಒಂದನ್ನೂ ಬಿಡಲಿಲ್ಲ. ಪೂರ್ತಿ ಸತ್ಯ ಹೇಳಿ ಅಭ್ಯಾಸವಿಲ್ಲದ್ದರಿಂದ ನಡುವೆ ಎರಡು ಸಲ ಉಸಿರು ಸಿಕ್ಕಿಹಾಕಿಕೊಂಡಿತು.

"ಬೈಯೋಕೆ ಇಲ್ಲಿ ಜಾಗ ಇಲ್ಲ," ಎಂದಳು ಅಕ್ಕ. "ಅಕ್ಕಪಕ್ಕ ರೋಗಿಗಳಿದ್ದಾರೆ. ಈಗ ಹೇಳಿದಷ್ಟು ಮಾಡು. ಕನ್ನಡಕ ಹಾಕ್ಕೋ. ಗಾಜಿನ ಹತ್ತಿರ ಹೋಗಿ ಕೈ ಒಂದು ಸಲ ಮೇಲೆತ್ತು. ಒಂದೇ ಸಲ. ಹಳದಮ್ಮ ಬೆದರಿ ಮೈ ಅದುರಿಸ್ತಾಳೆ. ಅಮ್ಮ ಅದುರಿಸಿದ ತಕ್ಷಣ ನಿಜವಾದ ಮರಿಗಳು ಮರಳಿಗೆ ಬಿದ್ದು ಸತ್ತ ಹಾಗೆ ಇರ್ತವೆ. ಅಂಥವು ಇದ್ರೆ ಅವು ನನ್ನವು. ಅವಳ ಮಾತು ಕೇಳದೆ ಕುಣೀತಾ ಇರೋದೆಲ್ಲ ನಿನ್ನ ಸರಕು."

ಕನ್ನಡಕ ಡ್ರಾಯರಿನಿಂದ ಎದ್ದು ಬಂತು. ಹಾಕಿಕೊಂಡದ್ದೇ ಪರದೆಯಣ್ಣನಿಗೆ ಮೊದಲು ಕಂಡದ್ದು ಕೋಣೆಯ ಕಿಟಕಿಗೆ ತಾನೇ ಹಾಕಿದ್ದ ಪರದೆ. ಅದು ಒಂದು ಕಡೆ ಗೇಣುದ್ದ ಗಿಡ್ಡವಿತ್ತು. ಅದನ್ನು ನೋಡದಂತೆ ಮಾಡಿ ತೊಟ್ಟಿಯತ್ತ ತಿರುಗಿದ. ಹೊಗೆ ಈಗ ಹೊಗೆಯಾಗಿರಲಿಲ್ಲ. ಉರುಟು ಮೈ, ಕವಲು ಕೈ, ನಡುವೆ ಒಂದೇ ಒಂದು ಕಪ್ಪು ಕಣ್ಣು. ಇಂಥದ್ದನ್ನು ನೋಡಿ ಎಲ್ಲ ಇವೆ ಎಂದು ಫೋನು ಮಾಡಿದ್ದ. ಹಳದಮ್ಮನೂ ಕಡಿಮೆಯವಳಲ್ಲ, ಕಾವಲು ಕಾಯುತ್ತ ಕಾಯುತ್ತಲೇ ಆಗಾಗ ಒಂದು ಮಗುವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಹೆಂಡತಿಯೂ ಬಂದು ನಿಂತಳು. ಪರದೆಯಣ್ಣ ಕೈ ಎತ್ತಿದ. ಹಳದಮ್ಮ ಅದುರಿದಳು. ಚಿಗಟಗಳು ಕುಣಿಯುತ್ತಲೇ ಇದ್ದವು.

"ಯಾವುದೂ ಕೇಳ್ತಿಲ್ಲ," ಎಂದ.

"ಮಾತು ಕೇಳೋದಿಲ್ಲ ಅಂದ್ರೆ ಮಕ್ಕಳಲ್ಲ ಅನ್ನೋ ಹಾಗಿದ್ರೆ ನಮ್ಮವು ಯಾರವೋ," ಎಂದಳು ಹೆಂಡತಿ. ಆಮೇಲೆ ದನಿ ತಗ್ಗಿಸಿ, "ಅಲ್ಲಿ ನೋಡಿ. ಪಾಚಿ ಬುಡದಲ್ಲಿ."

ಪಾಚಿಯ ಬುಡದ ಮರಳಿನ ಮೇಲೆ ಏನೋ ಬಿದ್ದಿತ್ತು. ಹುಬ್ಬಿನ ಕೂದಲು. ಎರಡು ಕಣ್ಣು. ಅದರ ಪಕ್ಕ ಇನ್ನೊಂದು. ಬೇರಿನ ನೆರಳಲ್ಲಿ ಮತ್ತೆರಡು, ಹೂಕುಂಡದ ಹಿಂದೆ ಇನ್ನೆರಡು. ಉಸಿರಾಡದೆ, ಅಲುಗದೆ, ಅಮ್ಮನ ಮಾತಿಗೆ ಕಟ್ಟುಬಿದ್ದು. ಒಂದಿಷ್ಟು ಹೊತ್ತಾದ ಮೇಲೆ ಹಳದಮ್ಮ ರೆಕ್ಕೆ ಬಡಿದಳು. ಅವು ಎದ್ದು ಚಿಗಟಗಳ ಗುಂಪಿನೊಳಗೆ ಸೇರಿಕೊಂಡವು. ನೂರೆಂದು ಇನ್ನೂರೆಂದು ಕೂಗಿ ಮಾರಿದ ಸರಕಿನಲ್ಲಿ ಉಳಿದದ್ದು ಅಷ್ಟು. ಆ ಗುಂಪಿಗಾಗಿ ಅವಳು ಇನ್ನೂ ಹಳದಿಯಾಗಿದ್ದಳು.

"ಆರು ಅಕ್ಕ," ಎಂದು ಫೋನಿನಲ್ಲಿ ಹೇಳಿದ. "ಆರೇ ಕಂಡಿದ್ದು."

ಅಕ್ಕ ಈ ಸಲ ಸರಿ ಎನ್ನಲಿಲ್ಲ. "ಉಳಿಸು" ಎಂದಳು.

ಅಂದಿನಿಂದ ಅಂಗಡಿಯಲ್ಲಿ ಪರದೆಯಣ್ಣನ ನಡವಳಿಕೆ ಬದಲಾಯಿತೆಂದು ದರ್ಜಿ ಹೇಳುತ್ತಿದ್ದ. ಬದಲಾದದ್ದು ಅಷ್ಟೇನಿಲ್ಲ, ಅಂಗೈ ವಾಸನೆ ಬದಲಾಗಿತ್ತು. ಬಟ್ಟೆ ಹರಡುವ ಕೈಯಿಂದ ಸೀಗಡಿಯ ಉಪ್ಪುವಾಸನೆ ಹೊಡೆಯುತ್ತಿತ್ತು. ಬೆಳಿಗ್ಗೆ ಎದ್ದವನೇ ಬಾಟಲಿಯ ಗುಳುಗುಳು ನೋಡುವುದು, ಒಂದು ಕಡೆಯಿಂದ ಟಾರ್ಚ್ ಹಿಡಿದು ಕಿತ್ತಳೆ ಧೂಳನ್ನು ಆ ಬದಿಗೆ ಸೆಳೆಯುವುದು, ಜಾಲರಿ ಬಟ್ಟೆಯಲ್ಲಿ ಸೋಸುವುದು, ತೊಳೆಯುವುದು. ತಿನ್ನದೆ ಉಳಿದದ್ದನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯುವುದು. ಒಮ್ಮೆ ಆ ಹೀರುನೀರನ್ನು ಚೆಲ್ಲುವ ಮೊದಲು ಬಿಳಿ ಬೋಗುಣಿಗೆ ಸುರಿದು ನೋಡಿದರೆ, ತಳದಲ್ಲಿ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಚಮಚದಲ್ಲಿ ಎತ್ತಿ ಮೆಲ್ಲಗೆ ವಾಪಸು ಬಿಟ್ಟ. ಆಮೇಲೆ ಬೋಗುಣಿಯಲ್ಲಿ ನೋಡದೆ ಒಂದು ಹನಿಯನ್ನೂ ಚೆಲ್ಲಲಿಲ್ಲ. ಗಾಢ ನೀಲಿ ಪರದೆಯನ್ನು ಕಿತ್ತು, ಸರಳನ್ನು ಮುಂದಕ್ಕೆ ಸರಿಸಿ, ತೊಟ್ಟಿಯ ಸುತ್ತ ಗುಡಾರದ ಹಾಗೆ ಕಟ್ಟಿದ. ಒಳಗೆ ದೀಪ ಅದರ ಹೊತ್ತಿಗೆ ಹತ್ತಿ ಅದರ ಹೊತ್ತಿಗೆ ಆರುತ್ತಿತ್ತು. ಊಟ ಹಾಕುವವನು ಒಬ್ಬ ಮಾತ್ರ ಮೆಲ್ಲಗೆ ನುಸುಳಬಹುದು. ನೋಡಲು ಬಂದವರಿಗೆ, "ಪ್ರದರ್ಶನ ಮುಗಿದಿದೆ, ಕಲಾವಿದರಿಗೆ ಹುಷಾರಿಲ್ಲ" ಎಂದು ಮೆಟ್ಟಿಲ ಬುಡದಲ್ಲೇ ಕೈಮುಗಿಯುತ್ತಿದ್ದ.

ಎಲ್ಲರಿಗೂ ಹಾಗೆಂದ. ಲಾಡ್ಜ್ ಮೇಡಂಗೆ ಆಹ್ವಾನ ಕೊಟ್ಟದ್ದನ್ನು ಮಾತ್ರ ಮರೆತಿದ್ದ. ಒಂದು ಸಂಜೆ ಅವರು ಎರಡು ಮೊಮ್ಮಕ್ಕಳನ್ನು ಎರಡು ಕೈಯಲ್ಲಿ ಹಿಡಿದು ಬಂದೇಬಿಟ್ಟರು.

"ಎಲ್ರೀ ನಿಮ್ಮ ಇನ್ನೂರು ಮಕ್ಕಳು? ಊರೆಲ್ಲ ನೋಡಿದೆ, ನಾನೊಬ್ಬಳೇ ಬಾಕಿ."

"ಮೇಡಂ, ಮೇಲೆ ಬಾಣಂತಿ ಕೋಣೆ..."

"ನಾನೂ ಬಾಣಂತಿತನ ಮುಗಿಸಿದವಳೇ. ನಡೀರಿ." ಮೇಡಂ ಒಂದು ಮೆಟ್ಟಿಲು ಹತ್ತಿಯೂಬಿಟ್ಟರು. "ನೀವೇ ಕರೆದು ನೀವೇ ತಡೀತೀರಾ? ಪಕ್ಕದ ಬೀದಿಯವನು ಬಟ್ಟೆ ಮಾದರಿ ಮನೆಗೇ ತಂದು ತೋರಿಸಿದ. ಆದ್ರೂ ನಾನು ಇಲ್ಲಿಗೆ ಬಂದೆ."

ಪರದೆಯಣ್ಣನ ಎದೆ ಎರಡು ಕಡೆಗೆ ಜಗ್ಗಿತು. ಒಂದು ಕಡೆ ಮೂರು ಅಂತಸ್ತಿನ ಕಿಟಕಿ. ಇನ್ನೊಂದು ಕಡೆ ಹುಬ್ಬಿನ ಕೂದಲಿನಷ್ಟು ದಪ್ಪದ ಆರು. ಇಲ್ಲವೆಂದರೆ ಕಿಟಕಿ ಹೋಗುತ್ತದೆ, ಹೂಂ ಎಂದರೆ ಮಕ್ಕಳು ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ಎರಡನ್ನೂ ಬಿಡುವ ಜಾತಿ ಅವನದಲ್ಲ.

"ನೀವು ಹತ್ತೋದು ಬೇಡ ಮೇಡಂ. ನಿಮಗೆ ಅಂದ್ರೆ ಕೆಳಗೇ ಬರ್ತಾರೆ," ಎಂದು ಗಾದಿ ಹಾಕಿದ ಕುರ್ಚಿ ಎಳೆದು ಕೂರಿಸಿದ. ಮೇಲೆ ಓಡಿದ. ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ, ಹಳದಮ್ಮನ ಊಟಕ್ಕೆಂದು ಸಾಕುತ್ತಿದ್ದ ನೀರುಚಿಗಟದ ಗಾಜಿನ ಭರಣಿಯಿತ್ತು. ಅದನ್ನೆತ್ತಿ ಅದರ ಮೇಲೆ ಮೆರೂನ್ ವೆಲ್ವೆಟ್ಟಿನ ತುಂಡು ಹೊದಿಸಿ ಇಳಿದು ಬಂದ. ಮೇಜಿನ ಮೇಲಿಟ್ಟು, ಎರಡು ಬೆರಳಿನಲ್ಲಿ ಬಟ್ಟೆಯ ತುದಿ ಹಿಡಿದು ಸರ್ರನೆ ಎಳೆದ.

"ಹಳದಮ್ಮನ ಮಕ್ಕಳು."

"ಕುಣೀತಿವೆ ಅಜ್ಜಿ," ಎಂದಿತು ಸಣ್ಣ ಮೊಮ್ಮಗು.

ಮೇಡಂ ಬಗ್ಗಿ ನೋಡಿದರು. "ಬಾಲ ಎಲ್ಲಿ?"

"ಬರುತ್ತೆ ಮೇಡಂ. ಕಪ್ಪೆಗೆ ಬಾಲ ಇದ್ದು ಆಮೇಲೆ ಹೋಗುತ್ತಲ್ಲ, ಇವಕ್ಕೆ ಇಲ್ಲದೆ ಇದ್ದು ಆಮೇಲೆ ಬರೋದು."

"ಓ." ಮೇಡಂ ಇನ್ನಷ್ಟು ಬಗ್ಗಿದರು. "ಮೂಗು ಮಾತ್ರ ತಾಯಿದೇ."

"ಎಲ್ಲರೂ ಅದನ್ನೇ ಹೇಳೋದು."

ಹೋಗುವಾಗ ಮೊಮ್ಮಕ್ಕಳು ಹಟ ಹಿಡಿದವು. ಪರದೆಯಣ್ಣ ಒಂದು ಬಾಟಲಿಗೆ ಒಂದಿಷ್ಟು ಚಿಗಟ ಸುರಿದು, ಕರುಳ ಕುಡಿಯನ್ನು ಬೀಳ್ಕೊಡುವವನ ಮುಖ ಮಾಡಿ ಕೊಟ್ಟ. ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಚಿಗಟಕ್ಕೂ ಮೂಗ್ ಕೂರಿಸಿ ಮಾರಿದ್ರಲ್ಲ."

"ಮೂಗು ಅವರದ್ದೇ. ನಾನು ತಡೀಲಿಲ್ಲ ಅಷ್ಟೇ."

ವಾರ ಕಳೆದು ಮೇಡಂ ಫೋನು ಮಾಡಿದರು. ಬಾಲ ಬಾರದ್ದಕ್ಕೆ ಜಗಳಕ್ಕೇ ಬಂದರೆಂದು ಪರದೆಯಣ್ಣ ಫೋನನ್ನು ಕಿವಿಯಿಂದ ಕೊಂಚ ದೂರ ಹಿಡಿದ. ಮೇಡಂ ದನಿಯಲ್ಲಿ ಹಿಗ್ಗು. "ನಿಮ್ಮ ಮರಿಗಳು ಮರಿ ಹಾಕಿವೆ ಕಣ್ರೀ. ಬಾಟಲಿ ತುಂಬಿಹೋಗಿದೆ. ಕಿಟಕಿ ಅಳತೆಗೆ ಯಾವಾಗ ಬರ್ತೀರಿ?"

"ನಿಮ್ಮ ಕೈಗುಣ ಮೇಡಂ," ಎಂದ. ಲಾಡ್ಜಿನ ಕಿಟಕಿಗಳನ್ನು ಅಳೆಯಲು ಮಾತ್ರ ದರ್ಜಿಯನ್ನೂ ಅಳತೆಪಟ್ಟಿಯನ್ನೂ ಕಳಿಸಿದ.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ವಿಚಿತ್ರ ಸದ್ದು ಬಂತು. ಲೈನು ಸರಿಯಿಲ್ಲವೇನೋ ಎಂದುಕೊಂಡ. ಅಕ್ಕ ನಗುತ್ತಿದ್ದಳು. ನಕ್ಕು ಮುಗಿಸಿ, "ಆರೂ ಇವೆಯಾ?" ಎಂದಳು.

"ಇವೆ. ಬೆಳಿಗ್ಗೆ ಕೈ ಎತ್ತದೆಯೇ ಎಣಿಸಿದೆ."

ಅಕ್ಕ ಊರುಗೋಲಿನ ಚೌಕಟ್ಟು ಹಿಡಿದು ಮನೆಗೆ ಬಂದ ದಿನ ಪರದೆಯಣ್ಣ ಅಂಗಡಿ ತೆರೆಯಲಿಲ್ಲ. ದರ್ಜಿಯೂ ಅವನೂ ಸೇರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. ಕಾಫಿ ಬೇಡ, ಮಲಗುವುದೂ ಬೇಡ ಎಂದ ಅಕ್ಕ ನೇರ ಹಿಂಬದಿಯ ಕೋಣೆಗೆ ಹೋಗಿ, ಗುಡಾರದೊಳಗೆ ನುಸುಳಿ, ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕಾಲು ನೀಡಿ ಕೂತಳು. ಪರದೆಯಣ್ಣ ಹೊರಗೆ, ಅರ್ಧ ತೆರೆದ ಪರದೆಯ ಅಂಚಿನಲ್ಲಿ ನಿಂತ.

ಹಳದಮ್ಮ ಹೊಸಬರನ್ನು ಕಂಡು ಮೈ ಅದುರಿಸಿದಳು. ಈಗ ಅಕ್ಕಿಕಾಳಿನಷ್ಟಾಗಿ, ಪಕ್ಕೆಯಲ್ಲಿ ಒಂದೊಂದು ಕಪ್ಪು ಗೆರೆ ಮೂಡಿದ್ದ ಮರಿಗಳು ಒಟ್ಟಿಗೆ ಮರಳಿಗೆ ಬಿದ್ದವು. ಅಕ್ಕ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಅವು ಒಂದೊಂದಾಗಿ ಎದ್ದವು. ಅಕ್ಕ ಮಡಿಲಲ್ಲೇ ಬೆರಳು ಒಂದೊಂದಾಗಿ ಮಡಚಿ ಆರನ್ನೂ ಎಣಿಸಿದಳು.

"ಮಿಕ್ಕವೆಲ್ಲ?" ಎಂದಳು, ತಿರುಗದೆ.

ಪರದೆಯಣ್ಣನ ನಾಲಗೆಯ ತುದಿಗೆ ನಾಲ್ಕಾರು ಉತ್ತರ ಬಂದವು. ನೀರಿನ ಬಿಸಿ, ಹಳದಮ್ಮನ ಸ್ವಭಾವ, ಭಾನುವಾರದ ಸೆಕೆ. ಎಲ್ಲವೂ ಮಾರಾಟವಾಗುವಂಥವೇ.

"ನನ್ನ ಬಾಯಿಗೆ ಹೋದವು ಅಕ್ಕ."

ಅಕ್ಕ ಮಡಚಿದ ಬೆರಳುಗಳನ್ನು ಬಿಡಿಸಿದಳು. ಆಮೇಲೆ, "ಪರದೆ ಮುಚ್ಚು" ಎಂದಳು.

ಅವನು ತಲೆ ತಗ್ಗಿಸಿ ಹೊರಗಿನಿಂದ ಪರದೆ ಎಳೆಯಲು ಹೋದ.

"ಒಳಗಿಂದ ಮುಚ್ಚೋ."

ಒಳಗೆ ಇದ್ದದ್ದು ಒಬ್ಬರಿಗಾಗುವಷ್ಟು ಜಾಗ. ಅದನ್ನು ಅಳೆದವನು ಅವನೇ. ಅವನು ಮೈ ಕುಗ್ಗಿಸಿ ನುಸುಳಿ, ಪರದೆ ಎಳೆದು, ಊಟ ಹಾಕುವಾಗ ಕೂರುತ್ತಿದ್ದ ಗಿಡ್ಡ ಮಣೆಯ ಮೇಲೆ ಕೂರಲು ನೋಡಿದ. ಅಕ್ಕನ ಚಾಚಿದ ಕಾಲು ಅಡ್ಡವಿತ್ತು. ಅಕ್ಕ ಹಲ್ಲು ಕಚ್ಚಿ, ಕುರ್ಚಿಯ ತೋಳು ಹಿಡಿದು, ಆ ಕಾಲನ್ನು ಒಂದಿಷ್ಟು ಮಡಚಿದಳು. ಅವನು ಕೂತ.

"ಮಾತಾಡಬೇಡ," ಎಂದಳು.

ಅವನು ಮಾತಾಡಲಿಲ್ಲ.